ಮಧ್ಯದಲ್ಲೊಬ್ಬರು

ನಮ್ಮ ಬಹುಪಾಲು ಮನೆಗಳಲ್ಲಿ ಅಪ್ಪನೂ ಬೆಳೆದ ಮಗನೂ ನೇರವಾಗಿ ಮಾತಾಡುವುದು ಕಡಿಮೆ. ಹಾಗೆಂದು ಮಾತು ನಿಂತಿರುವುದಿಲ್ಲ, ಅಮ್ಮನ ಮೂಲಕ ಓಡಾಡುತ್ತಿರುತ್ತದೆ. "ಅವನು ಹಬ್ಬಕ್ಕೆ ಬರ್ತಾನಂತಾ ಕೇಳು" ಎಂದು ಅಪ್ಪ ಅಡುಗೆಮನೆಯ ಕಡೆ ತಿರುಗಿ ಹೇಳುತ್ತಾರೆ. "ಅಪ್ಪ ಮಾತ್ರೆ ಸರಿಯಾಗಿ ತಗೊಳ್ತಿದಾರಾ ನೋಡಮ್ಮ" ಎಂದು ಮಗ ದೂರದೂರಿನಿಂದ ಫೋನಿನಲ್ಲಿ ಹೇಳುತ್ತಾನೆ. ಫೋನನ್ನು ಅಪ್ಪನೇ ಎತ್ತಿಬಿಟ್ಟರೆ, "ಚೆನ್ನಾಗಿದೀಯಾ? ಇರು, ಅಮ್ಮನಿಗೆ ಕೊಡ್ತೀನಿ" ಎನ್ನುವಲ್ಲಿಗೆ ಇಬ್ಬರ ಮಾತೂ ಮುಗಿಯಿತು. ಅಮ್ಮ ಬಿಸಿ ಪಾತ್ರೆಗೆ ಬಟ್ಟೆ ಹಿಡಿದು ಇಳಿಸುವ ಹಾಗೆ ಇವರ ಮಾತನ್ನು ಅವರಿಗೂ ಅವರ ಮಾತನ್ನು ಇವರಿಗೂ ಸುಡದಂತೆ ದಾಟಿಸುತ್ತಿರುತ್ತಾಳೆ. ಅಪ್ಪ ಸಿಟ್ಟಿನಲ್ಲಿ ಹೇಳಿದ್ದು ಮಗನ ಕಿವಿಗೆ ಬೀಳುವಾಗ ಕಾಳಜಿಯಾಗಿರುತ್ತದೆ. ಮಗ ಅಸಹನೆಯಿಂದ ಅಂದದ್ದು ಅಪ್ಪನಿಗೆ ಮುಟ್ಟುವಾಗ "ಪಾಪ, ಆಫೀಸಿನಲ್ಲಿ ಕೆಲಸ ಜಾಸ್ತಿಯಂತೆ" ಎಂದಾಗಿರುತ್ತದೆ.

ಅಮ್ಮ ಹೋದ ಮೇಲೆ ಇವರಿಬ್ಬರ ಗತಿ ಏನು? ನಾನು ಓದಿದ ಕತೆಗಳಲ್ಲಿ, ನೋಡಿದ ಸಿನಿಮಾಗಳಲ್ಲಿ ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಪ್ರೀತಿಯಿಂದ, ಎಲ್ಲಕ್ಕಿಂತ ತಾಳ್ಮೆಯಿಂದ ಎತ್ತಿಕೊಂಡದ್ದು ಅಮೆರಿಕದ ಒಂದು ನಗೆ ಧಾರಾವಾಹಿ. ಅದರ ಹೆಸರು 'ಫ್ರೇಜರ್'.

ಫ್ರೇಜರ್ ಕ್ರೇನ್ ಒಬ್ಬ ಮನೋವೈದ್ಯ. ಹಾರ್ವರ್ಡ್‌ನಲ್ಲಿ ಓದಿದವನು. ಆಪೆರಾ, ಹಳೆಯ ವೈನ್, ಫ್ರೆಂಚ್ ಅಡುಗೆ, ಆರಿಸಿ ತಂದ ಪೀಠೋಪಕರಣ ಇವೆಲ್ಲ ಅವನ ಪ್ರಾಣ. ಈ ಪಾತ್ರ ಮೊದಲು ಕಾಣಿಸಿಕೊಂಡದ್ದು 1984ರಲ್ಲಿ, 'ಚಿಯರ್ಸ್' ಎಂಬ ಬೇರೊಂದು ಧಾರಾವಾಹಿಯಲ್ಲಿ. ಅಲ್ಲಿ ಅವನು ಬಾಸ್ಟನ್ ನಗರದ ಒಂದು ಬಾರಿಗೆ ದಿನಾ ಬರುವವರ ಪೈಕಿ ಒಬ್ಬ. 1993ರಲ್ಲಿ ಆ ಧಾರಾವಾಹಿ ಮುಗಿದಾಗ ಡೇವಿಡ್ ಏಂಜೆಲ್, ಪೀಟರ್ ಕೇಸಿ, ಡೇವಿಡ್ ಲೀ ಎಂಬ ಮೂವರು ಸೇರಿ ಅವನನ್ನು ಹುಟ್ಟೂರಾದ ಸಿಯಾಟಲ್‌ಗೆ ಕರೆತಂದು ಅವನ ಹೆಸರಿನಲ್ಲೇ ಹೊಸ ಧಾರಾವಾಹಿ ಶುರುಮಾಡಿದರು. ಕೆಲ್ಸಿ ಗ್ರಾಮರ್ ಎಂಬ ನಟ ಈ ಒಂದೇ ಪಾತ್ರವನ್ನು ಎರಡು ಧಾರಾವಾಹಿಗಳಲ್ಲಿ ಸೇರಿ ಇಪ್ಪತ್ತು ವರ್ಷ ಹೊತ್ತರು. 2004ರಲ್ಲಿ ಮುಗಿಯುವ ಹೊತ್ತಿಗೆ 'ಫ್ರೇಜರ್' 11 ಸೀಸನ್, 264 ಕಂತು ಕಂಡಿತ್ತು.

ಸಿಯಾಟಲ್‌ಗೆ ಬಂದ ಫ್ರೇಜರ್‌ಗೆ ಹೆಂಡತಿ ಲಿಲಿತ್‌ಳಿಂದ ವಿಚ್ಛೇದನವಾಗಿದೆ. ಮಗ ಫ್ರೆಡ್ರಿಕ್ ತಾಯಿಯ ಜೊತೆ ಬಾಸ್ಟನ್‌ನಲ್ಲೇ ಉಳಿದಿದ್ದಾನೆ. ಇವನಿಗೆ ಸಿಕ್ಕಿರುವ ಕೆಲಸ ರೇಡಿಯೋದಲ್ಲಿ. ಕೇಳುಗರು ಫೋನ್ ಮಾಡಿ ಕಷ್ಟ ಹೇಳಿಕೊಳ್ಳುತ್ತಾರೆ, ಇವನು ಸಲಹೆ ಕೊಡುತ್ತಾನೆ. ಕರೆ ಬಂದ ಕೂಡಲೇ ಅವನು ಹೇಳುವ ಮಾತು ಒಂದೇ, "ಕೇಳ್ತಾ ಇದೀನಿ." ಮಾಡಿಕೊಂಡ ಹೊಸ ಮನೆಯೋ ಎತ್ತರದ ಅಪಾರ್ಟ್‌ಮೆಂಟು. ಹಾಲಿನ ಕಿಟಕಿಯಾಚೆ ಇಡೀ ಊರು ಕಾಣುತ್ತದೆ. ಒಂದೊಂದು ದೀಪ, ಒಂದೊಂದು ಕುರ್ಚಿಯನ್ನೂ ಯೋಚಿಸಿ ಯೋಚಿಸಿ ಇಟ್ಟಿದ್ದಾನೆ.

ಆ ಮನೆಗೆ ಅಪ್ಪ ಬರುತ್ತಾನೆ.

ಅಪ್ಪ ಮಾರ್ಟಿನ್ ಕ್ರೇನ್ ನಿವೃತ್ತ ಪೊಲೀಸ್. ಕೆಲಸದಲ್ಲಿದ್ದಾಗ ಸೊಂಟಕ್ಕೆ ಗುಂಡು ತಗಲಿ ಕೋಲು ಹಿಡಿದು ನಡೆಯುವಂತಾಗಿದೆ. ಒಬ್ಬನೇ ಇರುವಂತಿಲ್ಲ. ಎರಡನೆಯ ಮಗ ನೈಲ್ಸ್ ಕೂಡ ಮನೋವೈದ್ಯ, ಅಣ್ಣನಿಗಿಂತ ಒಂದು ಕೈ ಹೆಚ್ಚೇ ನಾಜೂಕಿನವನು. ಅವನ ಹೆಂಡತಿ ಮ್ಯಾರಿಸ್‌ಗೆ ಮಾವ ಮನೆಗೆ ಬರುವುದು ಆಗದ ಮಾತು. ಹಾಗಾಗಿ ಭಾರ ಹಿರಿಯವನ ಮೇಲೆ ಬೀಳುತ್ತದೆ. ಅಪ್ಪನ ಜೊತೆಗೆ ಎಡ್ಡಿ ಎಂಬ ನಾಯಿಯೂ ಬರುತ್ತದೆ, ಟೇಪು ಹಚ್ಚಿ ತೇಪೆ ಹಾಕಿದ, ಪಟ್ಟೆ ಪಟ್ಟೆಯ ಒಂದು ಹಳೇ ಕುರ್ಚಿಯೂ ಬರುತ್ತದೆ. ಬೀರು, ಬೇಸ್‌ಬಾಲ್, ಟೀವಿ ಇಷ್ಟರಲ್ಲಿ ಸುಖವಾಗಿರುವ ಮನುಷ್ಯ ಮಾರ್ಟಿನ್. ಅಪ್ಪ ಮಗನಿಗೆ ರುಚಿಯಲ್ಲಿ, ಮಾತಿನಲ್ಲಿ, ನಗುವಿನಲ್ಲಿ ಒಂದಕ್ಕೊಂದು ಕೂಡುವುದಿಲ್ಲ.

ಇಷ್ಟು ಹೇಳಿದರೆ ಇದು ಎರಡು ತಲೆಮಾರಿನ ಜಗಳದ ಕತೆ ಎನ್ನಿಸುತ್ತದೆ. ಎಷ್ಟೋ ಜನ ಅದನ್ನು ಹಾಗೆಯೇ ನೋಡುತ್ತಾರೆ. ನನಗೆ ಮಾತ್ರ ಇದು ಹೆಸ್ಟರ್ ಇಲ್ಲದ ಮನೆಯ ಕತೆ. ಹೆಸ್ಟರ್ ಎಂದರೆ ಮಾರ್ಟಿನ್‌ನ ಹೆಂಡತಿ, ಈ ಇಬ್ಬರು ಗಂಡುಮಕ್ಕಳ ತಾಯಿ. ಧಾರಾವಾಹಿ ಶುರುವಾಗುವ ವೇಳೆಗೆ ಅವಳು ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವಳೂ ಮನೋವೈದ್ಯೆ. ಮಕ್ಕಳಿಬ್ಬರೂ ಓದು, ಸಂಗೀತ, ನಯ ಎಲ್ಲದರಲ್ಲೂ ಅವಳನ್ನೇ ಹೋತವರು. ಆದರೂ ಅವಳು ಪ್ರೀತಿಸಿ ಮದುವೆಯಾದದ್ದು ಒಬ್ಬ ಪೊಲೀಸಿನವನನ್ನು. ಅಂದರೆ ಈ ಎರಡು ಲೋಕಗಳೂ ಒಬ್ಬಳಲ್ಲಿ ಒಟ್ಟಿಗೆ ಬಾಳಿದ್ದವು. ಅವಳು ಹೋದಾಗ ಗಂಡನಿಗೆ ಹೆಂಡತಿ, ಮಕ್ಕಳಿಗೆ ಅಮ್ಮ ಇಲ್ಲವಾದಳು. ಅದರ ಜೊತೆಗೇ ಅಪ್ಪ ಮಕ್ಕಳ ನಡುವೆ ಓಡಾಡುವ ಜೀವವೂ ಇಲ್ಲವಾಯಿತು.

ಮೊದಲ ಸೀಸನ್ನಿನಲ್ಲೇ ಇದು ಬಾಯಿಬಿಟ್ಟು ಹೇಳಲ್ಪಡುತ್ತದೆ. ಅಪ್ಪ ಮಕ್ಕಳನ್ನು ತನಗಿಷ್ಟದ ಸಾದಾ ಹೋಟೆಲಿಗೆ ಊಟಕ್ಕೆ ಕರೆದೊಯ್ಯುತ್ತಾನೆ. ಟೈ ಕಟ್ಟಿಕೊಂಡು ಹೋದರೆ ಅಲ್ಲಿಯವರು ಕತ್ತರಿಯಿಂದ ಟೈ ಕತ್ತರಿಸಿ ನಗುತ್ತಾರೆ, ಅದು ಆ ಜಾಗದ ಸಂಪ್ರದಾಯ. ಅಣ್ಣತಮ್ಮಂದಿರು ಊಟವನ್ನೂ ಜನರನ್ನೂ ಹೀಯಾಳಿಸುತ್ತ ಕೂರುತ್ತಾರೆ. ಮಾರ್ಟಿನ್ ಸಹಿಸುವಷ್ಟು ಸಹಿಸಿ ಕೊನೆಗೆ ಎದ್ದುಬಿಡುತ್ತಾನೆ. ನಿಮ್ಮಮ್ಮನಿಗೂ ದೊಡ್ಡ ದೊಡ್ಡ ಅಭಿರುಚಿಗಳಿದ್ದವು, ಆದರೆ ಅವಳು ನನ್ನ ಜೊತೆ ಆಟ ನೋಡಲು ಬಂದು ಬೀದಿಯ ತಿಂಡಿಯನ್ನೂ ಖುಷಿಯಿಂದ ತಿನ್ನುತ್ತಿದ್ದಳು, ನಿಮ್ಮನ್ನು ಇವತ್ತು ನೋಡಿದ್ದರೆ ನಾಚಿಕೊಳ್ಳುತ್ತಿದ್ದಳು ಎಂಬರ್ಥದ ಮಾತು ಹೇಳಿ ಹೊರಟುಹೋಗುತ್ತಾನೆ. ತನ್ನ ಪರವಾಗಿ ಮಾತಾಡಲು ಅವನಿಗೆ ಸತ್ತ ಹೆಂಡತಿಯನ್ನೇ ಕರೆಯಬೇಕಾಯಿತು. ಆ ಪಾತ್ರ ಮಾಡಿದ ಜಾನ್ ಮಹೋನಿಯವರ ದನಿ ಅಲ್ಲಿ ಏರುವುದೇ ಇಲ್ಲ. ಅಷ್ಟು ನಗಿಸಿದ ಕಂತು ತಟ್ಟನೆ ಕುತ್ತಿಗೆ ಹಿಡಿದು ನಿಲ್ಲಿಸುತ್ತದೆ.

ಖಾಲಿಯಾದ ಆ ಜಾಗಕ್ಕೆ ಬಂದವಳು ಡಾಫ್ನಿ ಮೂನ್. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನವಳು, ಫಿಸಿಯೋಥೆರಪಿ ಮಾಡುವವಳು, ಬಾಯಿ ತೆರೆದರೆ ತನ್ನ ಮನೆಯವರ ಉದ್ದುದ್ದ ಕತೆ ಹೇಳುವವಳು. ತನಗೆ ಒಂದಿಷ್ಟು ಅತೀಂದ್ರಿಯ ಶಕ್ತಿ ಇದೆ ಎಂದು ನಂಬಿದವಳು. ಅಪ್ಪನನ್ನು ನೋಡಿಕೊಳ್ಳಲು ಯಾರಾದರೂ ಬೇಕೆಂದು ಫ್ರೇಜರ್ ಹುಡುಕುವಾಗ ಅವಳು ಬರುತ್ತಾಳೆ. ಮಾರ್ಟಿನ್‌ಗೆ ನೋಡಿದ ಕೂಡಲೇ ಹಿಡಿಸುತ್ತಾಳೆ. ಫ್ರೇಜರ್‌ಗೆ ಹಿಡಿಸುವುದಿಲ್ಲ. ಅದರಲ್ಲೂ ಅವಳು ಅಲ್ಲೇ ಉಳಿದು ಕೆಲಸ ಮಾಡುವವಳು ಎಂದು ಗೊತ್ತಾದಾಗ ಕಂಗಾಲಾಗುತ್ತಾನೆ. ಅವಳಿಗೆ ಕೊಡಬೇಕಾಗಿ ಬಂದದ್ದು ಅವನ ಓದುಕೋಣೆಯನ್ನು. ಅಲ್ಲಿಯವರೆಗೆ ಅಪ್ಪನಿಗಾಗಿ ಬಿಟ್ಟುಕೊಟ್ಟದ್ದು ಹಾಲಿನ ಅಂದವನ್ನು ಮಾತ್ರ. ಈಗ ಬಾಗಿಲು ಹಾಕಿಕೊಂಡು ಕೂರಲು ಇದ್ದ ಒಂದೇ ಜಾಗವೂ ಹೋಯಿತು. ವಯಸ್ಸಾದವರನ್ನು ಮನೆಗೆ ಕರೆತಂದವರಿಗೆಲ್ಲ ಗೊತ್ತು, ಖರ್ಚಿನ ಲೆಕ್ಕಕ್ಕಿಂತ ಕೋಣೆಯ ಲೆಕ್ಕ ಹೆಚ್ಚು ಕಷ್ಟದ್ದು.

ನಮ್ಮಮ್ಮ ಹೋದ ಮೇಲೆ ಅಪ್ಪ ಊರಿನ ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿ ಅಣ್ಣನ ಮನೆಗೆ ಬಂದರು. ತಮ್ಮ ಜೊತೆ ತಂದದ್ದು ಒಂದು ಟ್ರಂಕು, ಒಂದು ಟ್ರಾನ್ಸಿಸ್ಟರು, ಕ್ಯಾನ್ವಾಸ್ ಬಟ್ಟೆಯ ಒಂದು ಆರಾಮಕುರ್ಚಿ. ಬೆಳಿಗ್ಗೆ ಪ್ರದೇಶ ಸಮಾಚಾರದ ಹೊತ್ತಿಗೆ ರೇಡಿಯೋ ಹಾಲಿನ ನಡುವೆ ಜೋರಾಗಿ ಕೂಗುತ್ತಿತ್ತು. ಅದೇ ಹೊತ್ತಿಗೆ ಅಣ್ಣನಿಗೆ ಹೊರದೇಶದ ಆಫೀಸಿನ ಕರೆ. ಅಣ್ಣ ಕೋಣೆಯ ಬಾಗಿಲನ್ನು ಸ್ವಲ್ಪ ಸದ್ದಾಗುವಂತೆ ಹಾಕಿಕೊಳ್ಳುವನು. ಅಪ್ಪ ಅದನ್ನು ಗಮನಿಸಿ ರೇಡಿಯೋ ಆರಿಸಿ ಸುಮ್ಮನೆ ಕೂರುವರು. ಇಬ್ಬರೂ ಒಂದು ಮಾತಾಡಲಿಲ್ಲ. ನಮ್ಮತ್ತಿಗೆ ಒಂದು ದಿನ ಆ ಕುರ್ಚಿಯನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ, ಪಕ್ಕದಲ್ಲಿ ಒಂದು ಸ್ಟೂಲು ಇಟ್ಟು, ಅದರ ಮೇಲೆ ಕಾಫಿ ಲೋಟ ಇಟ್ಟು, "ಮಾವ, ಇಲ್ಲಿ ಬಿಸಿಲು ಚೆನ್ನಾಗಿ ಬರುತ್ತೆ, ರೇಡಿಯೋನೂ ಇಲ್ಲೇ ತನ್ನಿ" ಎಂದರು. ಅಪ್ಪ ಹೋದರು. ಅಣ್ಣ ಸಂಜೆ ಬಂದು ಬಾಲ್ಕನಿಯ ಕಡೆ ನೋಡಿ, ಮಾರನೆಯ ಭಾನುವಾರ ಅಲ್ಲಿಗೊಂದು ಬಿದಿರಿನ ಪರದೆ ತಂದು ಕಟ್ಟಿದ, ಅಪ್ಪನ ಕಣ್ಣಿಗೆ ಬಿಸಿಲು ಹೊಡೆಯಬಾರದೆಂದು. ಅದು ಅವನು ಅಪ್ಪನಿಗೆ ಬರೆದ ಕಾಗದ ಎಂದೇ ನಾನು ತಿಳಿದಿದ್ದೇನೆ. ಅಪ್ಪನೂ ಅದನ್ನು ಓದಿಕೊಂಡರು. ನನಗೆ ಫೋನ್ ಮಾಡಿದಾಗ ಪರದೆಯ ವಿಷಯ ಎರಡು ಸಲ ಹೇಳಿದರು. ಅಣ್ಣನಿಗೆ ಮಾತ್ರ ಹೇಳಲಿಲ್ಲ. ನಾನೇ ಅಣ್ಣನಿಗೆ ಹೇಳಿದೆ.

ಆದ್ದರಿಂದ ಧಾರಾವಾಹಿಯ ಮೊದಲ ಕಂತಿನ ಕೊನೆಯ ಭಾಗವನ್ನು ಎಷ್ಟು ಸಲ ನೋಡಿದರೂ ನನಗೆ ಹಳತಾಗುವುದಿಲ್ಲ. 1993ರ ಸೆಪ್ಟೆಂಬರಿನಲ್ಲಿ ಬಂದ ಆ ಕಂತಿನ ಹೆಸರು 'ದಿ ಗುಡ್ ಸನ್'. ಅಪ್ಪ ಮಗನಿಗೆ ದೊಡ್ಡ ಜಗಳವಾಗಿರುತ್ತದೆ. ನಿನಗಾಗಿ ನಾನು ಇಷ್ಟೆಲ್ಲ ಮಾಡಿದೆ, ಒಂದು ಕೃತಜ್ಞತೆಯ ಮಾತೂ ನಿನ್ನ ಬಾಯಲ್ಲಿ ಬರಲಿಲ್ಲವಲ್ಲ ಎಂದು ಫ್ರೇಜರ್ ಕೂಗಾಡಿ ಹೊರಟು ಬಂದಿರುತ್ತಾನೆ. ಸ್ಟುಡಿಯೋದಲ್ಲಿ ಕಾರ್ಯಕ್ರಮ ನಡೆಯುತ್ತಿದೆ. ಒಂದು ಕರೆ ಬರುತ್ತದೆ, ಮಾರ್ಟಿನ್ ಎಂಬವರದು. ನಾನು ಇತ್ತೀಚೆಗೆ ನನ್ನ ಮಗನ ಮನೆಗೆ ಬಂದಿದ್ದೇನೆ, ಹೊಂದಿಕೆಯಾಗುತ್ತಿಲ್ಲ ಎನ್ನುತ್ತದೆ ಫೋನಿನ ದನಿ. ಫ್ರೇಜರ್‌ನ ಮುಖ ಒಂದು ಕ್ಷಣ ಬಿಗಿಯಾಗಿ ಆಮೇಲೆ ಮೆಲ್ಲಗೆ ಸಡಿಲಾಗುತ್ತದೆ. ಅವನು ಡಾಕ್ಟರನಂತೆಯೇ ಕೇಳುತ್ತಾನೆ, ನಿಮಗೆ ಅನ್ನಿಸುವುದನ್ನು ಮಗನಿಗೇ ಹೇಳಬಹುದಲ್ಲ. ಅಪ್ಪ ಮಕ್ಕಳ ವಿಷಯ ನಿಮಗೆ ಗೊತ್ತಲ್ಲ, ಅಂಥದ್ದೆಲ್ಲ ಬಾಯಿಗೆ ಬರುವುದಿಲ್ಲ ಎಂದು ಉತ್ತರ. ನಿಮ್ಮ ಮಗನಿಗೆ ಅದು ಈಗಾಗಲೇ ತಿಳಿದಿರುತ್ತದೆ ಎನ್ನುತ್ತಾನೆ ಡಾಕ್ಟರ್. ಮಾರ್ಟಿನ್ ಡಾಕ್ಟರಿಗೆ ಧನ್ಯವಾದ ಹೇಳುತ್ತಾನೆ. ಹೇಳಿ ಫೋನ್ ಇಡದೆ, ನಾನು ಧನ್ಯವಾದ ಹೇಳಿದ್ದು ಕೇಳಿಸಿತಾ ಎಂದು ಗಟ್ಟಿಯಾಗಿ ಕೇಳುತ್ತಾನೆ. ಕೇಳಿಸಿತು ಎನ್ನುತ್ತಾನೆ ಮಗ.

ಒಂದೇ ಮನೆಯಲ್ಲಿ, ಒಂದೇ ಹಾಲಿನಲ್ಲಿ ಆಡಲಾಗದ ಮಾತನ್ನು ಇಡೀ ಊರು ಕೇಳುವ ರೇಡಿಯೋದಲ್ಲಿ ಆಡಿದರು. ಇದನ್ನು ಚಮತ್ಕಾರದ ಬರವಣಿಗೆ ಎನ್ನಬಹುದು, ಆದರೆ ನನಗದು ತೀರ ಸಹಜವೆನ್ನಿಸಿತು. ಮಧ್ಯದಲ್ಲಿ ಒಂದು ತಂತಿಯಿತ್ತು, ಡಾಕ್ಟರ್ ಎಂಬ ಒಬ್ಬ ಮೂರನೆಯವನಿದ್ದ, ಸುಮ್ಮನೆ ಕೇಳುವ ಊರಿತ್ತು. ಅಷ್ಟು ಆಸರೆ ಇದ್ದಾಗ ಮಾತು ಹೊರಟಿತು.

ಫ್ರೇಜರ್‌ನ ಸುತ್ತಲಿನ ಒಬ್ಬೊಬ್ಬರನ್ನೂ ಈ ಕಣ್ಣಿನಿಂದ ನೋಡುವುದು ನನಗೆ ಅಭ್ಯಾಸವಾಗಿಹೋಗಿದೆ. ಡಾಫ್ನಿ ದಿನವೂ ಮಾಡುವ ಕೆಲಸ ಮಾರ್ಟಿನ್‌ನ ಕಾಲು ಹಿಡಿದು ವ್ಯಾಯಾಮ ಮಾಡಿಸುವುದು, ಸ್ನಾನದ ಹೊತ್ತು, ಊಟದ ಹೊತ್ತು ನೋಡುವುದು. ಆದರೆ ಅವಳು ಅಲ್ಲಿರುವುದರಿಂದಲೇ ಅಪ್ಪ ಮಗ ಒಂದೇ ಮೇಜಿನಲ್ಲಿ ತಿಂಡಿ ತಿನ್ನುತ್ತಾರೆ. ಮಗನಿಗೆ ಸಿಟ್ಟು ಬಂದರೆ ಡಾಫ್ನಿಗೆ ಹೇಳುತ್ತಾನೆ, ಅಪ್ಪನಿಗೆ ನೋವಾದರೂ ಅವಳಿಗೇ. ಅವಳಿಗೆ ಯಾರ ಪಕ್ಷವೂ ಇಲ್ಲ. ಈ ಮನೆಯ ಹಳೇ ಗಾಯಗಳಲ್ಲಿ ಅವಳ ಪಾಲಿಲ್ಲ. ಸಂಬಂಧಿಕರಲ್ಲಿ ಯಾರೂ ಕೊಡಲಾಗದ್ದನ್ನು ಅವಳು ಕೊಡುವುದು ಇದರಿಂದ. ಮುದಿ ತಂದೆತಾಯಿಯನ್ನು ನೋಡಿಕೊಳ್ಳಲು ಬರುವ ಹೆಣ್ಣುಮಕ್ಕಳು ಈಗ ನಮ್ಮೂರುಗಳಲ್ಲೂ ಎಷ್ಟೊಂದು ಮನೆಗಳಲ್ಲಿದ್ದಾರೆ. ಅವರು ಮಾತ್ರೆ ಕೊಡುತ್ತಾರೆ, ಡೈಪರ್ ಬದಲಾಯಿಸುತ್ತಾರೆ ಎಂದಷ್ಟೇ ನಾವು ಲೆಕ್ಕ ಹಾಕುತ್ತೇವೆ. ಅವರು ಬಂದ ಮೇಲೆ ಆ ಮನೆಯಲ್ಲಿ ಮಾತು ಹೇಗೆ ಬದಲಾಯಿತು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರೆಯುವವರು ಇದರ ಬಗ್ಗೆ ಬರೆಯಬೇಕು.

ಇಲ್ಲೊಂದು ಸಂಗತಿ. ಅಮೆರಿಕದ ಅಪ್ಪಟ ಪೊಲೀಸನಾಗಿ ಕಾಣುವ ಜಾನ್ ಮಹೋನಿ ಹುಟ್ಟಿದ್ದು 1940ರಲ್ಲಿ ಇಂಗ್ಲೆಂಡಿನಲ್ಲಿ, ಬೆಳೆದದ್ದು ಮ್ಯಾಂಚೆಸ್ಟರ್‌ನಲ್ಲಿ. ಮ್ಯಾಂಚೆಸ್ಟರ್ ಹುಡುಗಿಯಾಗಿ ನಟಿಸಿದ ಜೇನ್ ಲೀವ್ಸ್ ಇಂಗ್ಲೆಂಡಿನ ದಕ್ಷಿಣ ಭಾಗದವರು. ಅವರು ಆ ಊರಿನ ಮಾತಿನ ವರಸೆಯನ್ನು ತಂದುಕೊಳ್ಳುತ್ತಿದ್ದರೆ, ಎದುರಿಗೆ ಕುರ್ಚಿಯಲ್ಲಿ ಕೂತಿದ್ದವರು ಅದೇ ವರಸೆಯನ್ನು ಚಿಕ್ಕಂದಿನಲ್ಲಿ ಮಾತಾಡಿ, ದೇಶ ಬದಲಾಯಿಸಿದ ಮೇಲೆ ಬೇಕೆಂದೇ ಬಿಟ್ಟವರು. ಮಹೋನಿ ಬಣ್ಣ ಹಚ್ಚುವ ಮುಂಚೆ ಪಾಠ ಹೇಳಿದ್ದರು, ವೈದ್ಯಕೀಯ ಪತ್ರಿಕೆಯೊಂದರಲ್ಲಿ ಸಂಪಾದಕರಾಗಿದ್ದರು. ಮಗನಾಗಿ ನಟಿಸಿದ ಗ್ರಾಮರ್‌ಗಿಂತ ಅವರು ಹದಿನೈದೇ ವರ್ಷ ದೊಡ್ಡವರು. ತೆರೆಯ ಮೇಲೆ ಒಮ್ಮೆಯೂ ಹಾಗೆನ್ನಿಸುವುದಿಲ್ಲ.

ಕುರ್ಚಿಯ ವಿಷಯಕ್ಕೆ ಬರಬೇಕು. ಮೊದಲ ಸೀಸನ್ನಿನಲ್ಲೇ ಫ್ರೇಜರ್ ಅದನ್ನು ಹೊರಗೆ ಹಾಕಿಸಿ, ಅಪ್ಪನಿಗೆ ದುಬಾರಿಯ ಹೊಸ ಕುರ್ಚಿ ತರುತ್ತಾನೆ. ಅವನ ಮನಸ್ಸಿನಲ್ಲಿ ಅದು ಉಡುಗೊರೆ. ಮಾರ್ಟಿನ್ ಆಗ ಆ ಹಳೇ ಕುರ್ಚಿಯಲ್ಲಿ ತಾನು ಕೂತು ಕಂಡದ್ದನ್ನೆಲ್ಲ ಹೇಳುತ್ತಾನೆ. ಮನುಷ್ಯ ಚಂದ್ರನ ಮೇಲೆ ಇಳಿದದ್ದನ್ನು ನೋಡಿದ್ದು ಅದರಲ್ಲಿ ಕೂತು. ನಿನಗೆ ಮಗ ಹುಟ್ಟಿದ ಎಂದು ನೀನು ಫೋನ್ ಮಾಡಿದಾಗ ಕೂತಿದ್ದದ್ದು ಅದರಲ್ಲಿ. ಟೀವಿ ನೋಡುತ್ತ ನಿದ್ದೆ ಹೋದಾಗ ನಿಮ್ಮಮ್ಮ ಬಂದು ಮುತ್ತು ಕೊಟ್ಟು ಎಬ್ಬಿಸುತ್ತಿದ್ದದ್ದು ಅದರಲ್ಲೇ. ಕೇಳಿದ ಮೇಲೆ ಫ್ರೇಜರ್ ಆ ಕುರ್ಚಿಯನ್ನು ಹುಡುಕಿಕೊಂಡು ಹೊರಡುತ್ತಾನೆ. ಅದು ಯಾರದೋ ಕೈಯಿಂದ ಯಾರದೋ ಕೈಗೆ ಹೋಗಿ ಒಂದು ಶಾಲೆಯ ನಾಟಕದ ರಂಗಸಜ್ಜಿಕೆಯಲ್ಲಿ ಸಿಗುತ್ತದೆ. ಕುರ್ಚಿ ವಾಪಸು ಬರಬೇಕಾದರೆ ಈ ಘನವೈದ್ಯ ಮಕ್ಕಳ ನಾಟಕದಲ್ಲಿ ಪಾತ್ರ ಮಾಡಬೇಕಾಗುತ್ತದೆ. ಮಾಡುತ್ತಾನೆ. ಕುರ್ಚಿ ಮನೆಗೆ ಬಂದ ಮೇಲೆ ವರ್ಷಗಟ್ಟಲೆ ಅದು ಆ ಸುಂದರವಾದ ಹಾಲಿನ ನಟ್ಟನಡುವೆ ಇರುತ್ತದೆ.

ನನಗೆ ಆ ಕತೆಯಲ್ಲಿ ಮುಖ್ಯವೆನ್ನಿಸುವುದು ಇದು: ಮಾರ್ಟಿನ್ ಹೆಂಡತಿಯ ನೆನಪನ್ನು ಬಾಯಿಬಿಟ್ಟು ಹೇಳಲು ಕುರ್ಚಿ ಬೇಕಾಯಿತು. ಮಕ್ಕಳ ಎದುರು "ನಿಮ್ಮಮ್ಮನ ನೆನಪಾಗುತ್ತದೆ" ಎಂದು ಹೇಳುವ ಜಾತಿಯ ಗಂಡಸಲ್ಲ ಅವನು. ಕುರ್ಚಿ ಹೋಯಿತಲ್ಲ ಎಂಬ ಸಿಟ್ಟಿನಲ್ಲಿ ಅದು ಹೊರಬಂತು.

ಇದಕ್ಕಿಂತ ಆಳಕ್ಕೆ ಹೋಗುವ ಕಂತೂ ಅದೇ ಮೊದಲ ವರ್ಷದಲ್ಲಿ ಇದೆ. ಬಹಳ ಹಿಂದೆ ಕುಟುಂಬದ ಸ್ನೇಹಿತರ ಮನೆಯ ಹೆಂಗಸೊಬ್ಬಳ ಜೊತೆ ಅಪ್ಪನಿಗೆ ಸಂಬಂಧವಿತ್ತು ಎಂಬ ಅನುಮಾನ ಗಂಡುಮಕ್ಕಳಿಗೆ ಬರುತ್ತದೆ. ಕೇಳಿದರೆ ಮಾರ್ಟಿನ್ ಹೌದು ಎಂದು ಒಪ್ಪಿಕೊಳ್ಳುತ್ತಾನೆ. ಅಮ್ಮನಿಗೆ ಮೋಸ ಮಾಡಿದ ಅಪ್ಪ ಎಂದು ಮಕ್ಕಳು ಕುದಿಯುತ್ತಾರೆ. ಆಮೇಲೆ ಆ ಹೆಂಗಸಿನಿಂದಲೇ ಫ್ರೇಜರ್‌ಗೆ ನಿಜ ತಿಳಿಯುತ್ತದೆ. ತಪ್ಪಿದವನು ಮಾರ್ಟಿನ್ ಅಲ್ಲ, ಹೆಸ್ಟರ್. ಸಂಬಂಧವಿದ್ದದ್ದು ಅವಳಿಗೂ ಆ ಹೆಂಗಸಿನ ಗಂಡನಿಗೂ. ಮಾರ್ಟಿನ್ ಹೆಂಡತಿಯನ್ನು ಕ್ಷಮಿಸಿ ಸಂಸಾರ ಉಳಿಸಿಕೊಂಡಿದ್ದ. ಈಗ ಅವಳಿಲ್ಲದಿರುವಾಗ ಮಕ್ಕಳ ಮನಸ್ಸಿನಲ್ಲಿ ಅವರಮ್ಮ ಕೆಳಗಿಳಿಯಬಾರದೆಂದು ಆರೋಪವನ್ನು ತಾನೇ ಹೊತ್ತುಕೊಂಡ. ಫ್ರೇಜರ್‌ನ ಹೆಂಡತಿ ಲಿಲಿತ್ ಕೂಡ ಅವನಿಗೆ ಇದೇ ರೀತಿ ಮೋಸ ಮಾಡಿದವಳು. ರುಚಿಯಲ್ಲಿ ಎಳ್ಳಷ್ಟೂ ಕೂಡದ ಅಪ್ಪನಿಗೂ ಮಗನಿಗೂ ಇರುವ ಗಾಯ ಮಾತ್ರ ಒಂದೇ ಎಂದು ಇಲ್ಲಿ ತಿಳಿಯುತ್ತದೆ. ನಗೆ ಧಾರಾವಾಹಿಯೊಂದು ಇಪ್ಪತ್ತೆರಡು ನಿಮಿಷದೊಳಗೆ ಇಷ್ಟನ್ನು ಹೇಳಬಲ್ಲದು ಎಂದು ಯಾರಾದರೂ ಹೇಳಿದ್ದರೆ ನೋಡುವ ಮುಂಚೆ ನಾನು ನಂಬುತ್ತಿರಲಿಲ್ಲ.

ಅಪ್ಪನನ್ನು ಮುಚ್ಚಿಟ್ಟ ಕತೆಯೂ ಒಂದಿದೆ. 'ಚಿಯರ್ಸ್' ದಿನಗಳಲ್ಲಿ ಫ್ರೇಜರ್ ತನ್ನ ಅಪ್ಪ ವಿಜ್ಞಾನಿಯಾಗಿದ್ದ, ಈಗಿಲ್ಲ ಎಂದು ಗೆಳೆಯರಿಗೆ ಹೇಳಿದ್ದ. ಆಗ ಬರೆಯುತ್ತಿದ್ದವರಿಗೆ ಮುಂದೊಂದು ದಿನ ಈ ಅಪ್ಪ ಬೇಕಾಗುತ್ತಾನೆಂದು ತಿಳಿದಿರಲಿಲ್ಲ. 1995ರಲ್ಲಿ ಹಳೆಯ ಗೆಳೆಯ ಸ್ಯಾಮ್ ಸಿಯಾಟಲ್‌ಗೆ ಬಂದು ಜೀವಂತ ಅಪ್ಪನನ್ನು ಕಂಡು ದಂಗಾಗುತ್ತಾನೆ. ಆಗ ಅಪ್ಪನ ಜೊತೆ ಜಗಳವಾಗಿತ್ತು, ಸಿಟ್ಟಿನಲ್ಲಿ ಹಾಗೆ ಹೇಳಿಬಿಟ್ಟೆ ಎನ್ನುತ್ತಾನೆ ಫ್ರೇಜರ್. ಬರೆದವರ ಅನುಕೂಲಕ್ಕೆ ಹುಟ್ಟಿದ ಸಮಜಾಯಿಷಿಯಾದರೂ ಅದು ಆ ಪಾತ್ರಕ್ಕೆ ಎಷ್ಟು ಒಪ್ಪುತ್ತದೆ! ಹೆಚ್ಚು ಓದಿ ದೂರ ಹೋದ ಮಕ್ಕಳು ಹೊಸ ಗೆಳೆಯರ ಮುಂದೆ ಅಪ್ಪನ ಕೆಲಸ ಹೇಳುವಾಗ ತಡವರಿಸುವುದನ್ನು ನಾನು ಹಾಸ್ಟೆಲಿನಲ್ಲಿ ಕಂಡಿದ್ದೇನೆ.

ತಮ್ಮ ನೈಲ್ಸ್ ಇಲ್ಲದಿದ್ದರೆ ಫ್ರೇಜರ್ ಉಸಿರುಗಟ್ಟಿ ಸಾಯುತ್ತಿದ್ದ. ಮನೆಯಲ್ಲಿ ಯಾರಿಗೂ ಅರ್ಥವಾಗದ ಅವನ ಹುಚ್ಚುಗಳೆಲ್ಲ ತಮ್ಮನಿಗೆ ಅರ್ಥವಾಗುತ್ತವೆ. ಇಬ್ಬರೂ 'ಕೆಫೆ ನರ್ವೋಸಾ' ಎಂಬ ಕಾಫಿ ಅಂಗಡಿಯಲ್ಲಿ ಕೂತು ಮಾತಿಗೆ ಮಾತು ಹೆಣೆಯುವುದನ್ನು ಕೇಳುವುದೇ ಒಂದು ಸುಖ. ಪೈಪೋಟಿ ಇದೆ, ಹೊಟ್ಟೆಕಿಚ್ಚಿದೆ, ಚಿಕ್ಕಂದಿನ ಲೆಕ್ಕಗಳೆಲ್ಲ ಬಾಕಿ ಇವೆ. ಇಬ್ಬರಲ್ಲಿ ಒಬ್ಬನಿಗೆ ನಿಜವಾಗಿ ನೋವಾದಾಗ ಮಾತ್ರ ಇನ್ನೊಬ್ಬ ಮೊದಲು ಬಂದು ನಿಲ್ಲುತ್ತಾನೆ. ನೈಲ್ಸ್ ಪಾತ್ರ ಹುಟ್ಟಿದ್ದೂ ವಿಶೇಷವಾಗಿಯೇ. ಡೇವಿಡ್ ಹೈಡ್ ಪಿಯರ್ಸ್ ಎಂಬ ನಟ ಎಳೆಯ ವಯಸ್ಸಿನ ಗ್ರಾಮರ್‌ನಂತೆಯೇ ಕಾಣುತ್ತಾರೆಂದು ಪಾತ್ರವರ್ಗ ಆರಿಸುವವರು ಅವರ ಚಿತ್ರ ತೋರಿಸಿದ ಮೇಲೆ, ತಮ್ಮ ಎಂಬ ಪಾತ್ರವನ್ನು ಅವರಿಗಾಗಿ ಬೆಳೆಸಿದರು.

ಈ ನೈಲ್ಸ್ ಡಾಫ್ನಿಯನ್ನು ಕಂಡ ದಿನದಿಂದ ಅವಳಿಗೆ ಮನಸೋತ. ಹೇಳಲಿಲ್ಲ. ಅವನಿಗೆ ಮದುವೆಯಾಗಿತ್ತು, ಆಮೇಲೆ ಮದುವೆ ಮುರಿಯಿತು, ಧೈರ್ಯ ಬರುವ ಹೊತ್ತಿಗೆ ಅವಳಿಗೆ ಬೇರೊಬ್ಬನ ಜೊತೆ ನಿಶ್ಚಯವಾಯಿತು. ಹೆಚ್ಚು ಕಡಿಮೆ ಏಳು ಸೀಸನ್ ಈ ಗುಟ್ಟನ್ನು ಫ್ರೇಜರ್ ಕಾಪಾಡಿದ. ಕೊನೆಗೆ 1999ರಲ್ಲಿ ಬೆನ್ನುನೋವಿಗೆ ತೆಗೆದುಕೊಂಡ ಮಾತ್ರೆಯ ಮಂಪರಿನಲ್ಲಿ ಅವನೇ ಡಾಫ್ನಿಯ ಮುಂದೆ ಬಾಯಿಬಿಟ್ಟ. ಇಲ್ಲಿಯೂ ಮಾತು ಆಡಬೇಕಾದವನ ಬಾಯಿಂದ ಬರಲಿಲ್ಲ, ಮೂರನೆಯವನ ಬಾಯಿಂದ ಬಂತು. 2000ರಲ್ಲಿ ತನ್ನ ಮದುವೆಯ ದಿನ ಡಾಫ್ನಿ ಮದುವೆ ಬಿಟ್ಟು ನೈಲ್ಸ್ ಜೊತೆ ಹೊರಟುಬಿಡುತ್ತಾಳೆ, ಮಾರ್ಟಿನ್‌ನ ದೊಡ್ಡ ಮನೆಗಾಡಿಯಲ್ಲಿ.

ಇದಾದ ಮೇಲೆ ಧಾರಾವಾಹಿ ಸೊರಗಿತು ಎನ್ನುವವರಿದ್ದಾರೆ. ಕಾತರ ತೀರಿದ್ದರಿಂದ ಒಂದಿಷ್ಟು ಸಡಿಲವಾದದ್ದು ನಿಜ. ಆದರೆ ನನಗೆ ಆ ಕೊನೆಯ ವರ್ಷಗಳೇ ಬೇರೆ ಕಾರಣಕ್ಕೆ ಇಷ್ಟ. ಡಾಫ್ನಿ ಸೊಸೆಯಾಗಿ ನೈಲ್ಸ್ ಮನೆಗೆ ಹೋದ ಮೇಲೆ ಈ ಹಾಲಿನಲ್ಲಿ ಅಪ್ಪ ಮಗ ಇಬ್ಬರೇ ಉಳಿಯುತ್ತಾರೆ. ಮಾರ್ಟಿನ್‌ನ ಕಾಲು ಮೊದಲಿಗಿಂತ ಸುಧಾರಿಸಿದೆ. ಬೇಕಿದ್ದರೆ ಬೇರೆ ಮನೆ ಮಾಡಬಹುದು. ಮಾಡುವುದಿಲ್ಲ. ಮಧ್ಯದಲ್ಲಿ ಯಾರೂ ಇಲ್ಲದೆ ಒಟ್ಟಿಗೆ ಇರುವುದನ್ನು ಅವರು ಅಷ್ಟು ಹೊತ್ತಿಗೆ ಕಲಿತಿದ್ದರು. ಅದಕ್ಕೆ ಬೇಕಾದದ್ದೆಲ್ಲ ಮೊದಲ ಕೆಲವು ಸೀಸನ್ನುಗಳಲ್ಲೇ ಒಂದೊಂದಾಗಿ ನಡೆದಿತ್ತು. ಹೆಪ್ಪುಗಟ್ಟಿದ ಸರೋವರಕ್ಕೆ ಮೀನು ಹಿಡಿಯಲು ಹೋದ ಕಂತಿನಲ್ಲಿ, ನಾಯಿಗೆ ಸಲೀಸಾಗಿ ಪ್ರೀತಿಯ ಮಾತಾಡುವ ಅಪ್ಪ ನನಗೇಕೆ ಒಮ್ಮೆಯೂ ಹೇಳಿಲ್ಲ ಎಂಬ ಕೊರಗು ಫ್ರೇಜರ್‌ಗೆ. ಕೊನೆಗೆ ಮಾರ್ಟಿನ್ ಬಹಳ ಕಷ್ಟಪಟ್ಟು ಆ ಮಾತು ಹೇಳುತ್ತಾನೆ.

ಚೆಸ್ ಕಂತು ಇನ್ನೂ ಸೂಕ್ಷ್ಮ. ಹೊಸದಾಗಿ ಆಟ ಕಲಿತ ಅಪ್ಪನ ಎದುರು ಮಗ ಮೇಲಿಂದ ಮೇಲೆ ಸೋಲುತ್ತಾನೆ, ಅದು ಅವನ ತಲೆ ಕೆಡಿಸುತ್ತದೆ. ಒಂದು ದಿನ ಗೆದ್ದೇಬಿಡುತ್ತಾನೆ. ಗೆದ್ದ ಮೇಲೆ ನಿದ್ದೆ ಬರುವುದಿಲ್ಲ. ರಾತ್ರಿ ಅಪ್ಪನ ಕೋಣೆಗೆ ಹೋಗಿ ಎಬ್ಬಿಸಿ, ನೀನು ಬೇಕೆಂದೇ ಸೋತೆಯಾ ಎಂದು ಕೇಳುತ್ತಾನೆ. ಇಲ್ಲ, ನೀನೇ ಗೆದ್ದದ್ದು ಎನ್ನುತ್ತಾನೆ ಅಪ್ಪ. ವಯಸ್ಸಾದ ಅಪ್ಪನನ್ನು ಸೋಲಿಸಿದ ಮಗನ ಸಂಕಟವನ್ನು ಇಷ್ಟು ಸರಳವಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮನೆಯ ಹೊರಗೆ ಅವನಿಗೆ ರಾಝ್ ಇದ್ದಾಳೆ. ರೇಡಿಯೋ ಕಾರ್ಯಕ್ರಮದ ನಿರ್ಮಾಪಕಿ, ಗಾಜಿನ ಆಚೆ ಕೂತು ಕರೆಗಳನ್ನು ಆಯ್ದು ಕೊಡುವವಳು. ಮೊದಲಿಗೆ ಸಹೋದ್ಯೋಗಿ, ಆಮೇಲೆ ಅವನಿಗಿರುವ ನಿಜವಾದ ಗೆಳತಿ. ಅವನ ದೊಡ್ಡಸ್ತಿಕೆಗೆ ಅವಳು ಒಂದು ದಿನವೂ ಸೊಪ್ಪು ಹಾಕುವುದಿಲ್ಲ. ಅವಳು ಗರ್ಭಿಣಿಯಾಗಿ, ಒಬ್ಬಳೇ ಮಗು ಸಾಕಲು ತೀರ್ಮಾನಿಸಿದಾಗ ಅವನು ಜೊತೆಗೆ ನಿಲ್ಲುತ್ತಾನೆ. ಪೆರಿ ಗಿಲ್ಪಿನ್ ನಟಿಸಿದ ಈ ಪಾತ್ರಕ್ಕೆ ರಾಝ್ ಡಾಯ್ಲ್ ಎಂದು ಹೆಸರಿಟ್ಟದ್ದು, ಧಾರಾವಾಹಿಯ ಮೂವರು ಸೃಷ್ಟಿಕರ್ತರ ಜೊತೆ ಹಿಂದೆ ಕೆಲಸ ಮಾಡಿ, 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಅದೇ ಹೆಸರಿನ ನಿರ್ಮಾಪಕಿಯ ನೆನಪಿಗೆ. ಇನ್ನೊಂದು ಹೆಸರೂ ಹೀಗೆಯೇ ಬಂತು. ಡೇವಿಡ್ ಏಂಜೆಲ್ ಮತ್ತು ಅವರ ಹೆಂಡತಿ 2001ರ ಸೆಪ್ಟೆಂಬರ್ 11ರಂದು ವಿಶ್ವ ವಾಣಿಜ್ಯ ಕೇಂದ್ರಕ್ಕೆ ಅಪ್ಪಳಿಸಿದ ವಿಮಾನದಲ್ಲಿದ್ದರು. 2004ರ ಕೊನೆಯ ಕಂತಿನಲ್ಲಿ ನೈಲ್ಸ್ ಮತ್ತು ಡಾಫ್ನಿಗೆ ಹುಟ್ಟುವ ಮಗುವಿಗೆ ಡೇವಿಡ್ ಎಂದು ಹೆಸರಿಡುತ್ತಾರೆ. ಜೊತೆಗೆ ದುಡಿದವರು ತಮ್ಮ ಗೆಳೆಯರನ್ನು ಕತೆಯ ಸಂಸಾರದೊಳಗೆ ಸೇರಿಸಿಕೊಂಡ ಬಗೆ ಇದು.

ಅದೇ ಕಂತಿನಲ್ಲಿ ಮಾರ್ಟಿನ್ ಮತ್ತೆ ಮದುವೆಯಾಗಿ ಹೊರಟುಹೋಗುತ್ತಾನೆ. ಹೆಣ್ಣು ರೋನಿ, ಚಿಕ್ಕಂದಿನಲ್ಲಿ ಈ ಅಣ್ಣತಮ್ಮಂದಿರನ್ನು ನೋಡಿಕೊಳ್ಳಲು ಬರುತ್ತಿದ್ದವಳು. ಕುರ್ಚಿಯೂ ಹೋಗುತ್ತದೆ. ಹಾಲು ಫ್ರೇಜರ್ ಮೊದಲ ದಿನ ಬಯಸಿದಷ್ಟೇ ಚೊಕ್ಕಟವಾಗುತ್ತದೆ. ಅವನೂ ಆ ಊರು ಬಿಡುತ್ತಾನೆ.

ಮಹೋನಿ 2018ರಲ್ಲಿ ತೀರಿಕೊಂಡರು. 2023ರಲ್ಲಿ 'ಫ್ರೇಜರ್' ಮತ್ತೆ ಬಂತು, ಬಾಸ್ಟನ್ನಿನಲ್ಲಿ. ಮೊದಲ ಕಂತಿನ ಹೆಸರು ಈ ಸಲ 'ದಿ ಗುಡ್ ಫಾದರ್'. ಮಗ ಫ್ರೆಡ್ರಿಕ್ ಹಾರ್ವರ್ಡ್ ಬಿಟ್ಟು ಅಗ್ನಿಶಾಮಕ ದಳ ಸೇರಿದ್ದಾನೆ. ರುಚಿಯಲ್ಲಿ, ನಡೆಯಲ್ಲಿ ತಾತನನ್ನೇ ಹೋತಿದ್ದಾನೆ. ಈಗ ಮಗನ ಜೊತೆ ಇರಬೇಕೆಂದು ಹಂಬಲಿಸುವವನು ಫ್ರೇಜರ್, ಬೇಡವೆನ್ನುವವನು ಮಗ. ಮಗನ ಬದುಕಿನಲ್ಲಿ ಈವ್ ಎಂಬವಳಿದ್ದಾಳೆ, ಬೆಂಕಿ ಆರಿಸುವ ಕೆಲಸದಲ್ಲಿ ಜೊತೆಗಿದ್ದು ಸತ್ತ ಗೆಳೆಯನ ಸಂಗಾತಿ, ಕೈಯಲ್ಲಿ ಜಾನ್ ಎಂಬ ಕೂಸು. ಅಪ್ಪ ಮಗನ ಮಾತು ಮುರಿದಾಗಲೆಲ್ಲ ಅವಳೇ ಬರಬೇಕಾಗುತ್ತದೆ. ನೈಲ್ಸ್ ಇಲ್ಲ, ಹೈಡ್ ಪಿಯರ್ಸ್ ಬರಲು ಒಪ್ಪಲಿಲ್ಲ. ಅದು ದೊಡ್ಡ ಕೊರತೆಯೇ. ಹಳೆಯದರ ಮೊನಚೂ ಬರವಣಿಗೆಯಲ್ಲಿ ಇರಲಿಲ್ಲ. ಎರಡು ಸೀಸನ್ ಆದ ಮೇಲೆ 2024ರಲ್ಲಿ ನಿಂತಿತು. ನನಗೆ ಬೇಸರವಾಯಿತು. ಮನೆಗೆ ಬಂದ ಅಪ್ಪನನ್ನು ಸಹಿಸಲು ಕಲಿತವನೇ ಈಗ ತಾನು ಮಗನ ಮನೆಗೆ ಹೋಗುವ ಅಪ್ಪನಾಗಿ ಏನು ಮಾಡುತ್ತಾನೆ, ಎಲ್ಲಿ ಸುಮ್ಮನಿರಲು ಕಲಿಯುತ್ತಾನೆ, ಅವನ ಕುರ್ಚಿ ಯಾವುದು ಎಂಬುದನ್ನೆಲ್ಲ ಅವರು ಇನ್ನೂ ಬರೆಯಬೇಕಿತ್ತು. ಮಾರ್ಟಿನ್‌ಗೆ ಅವರು ಹನ್ನೊಂದು ಸೀಸನ್ ಕೊಟ್ಟಿದ್ದರು.